ಚಿಕ್ಕಮ್ಮನ ಕೋಳಿಗಳ ಬಾರ್ಲಿ ಗಂಜಿ

ಇಡೀ ಟೆಕ್ಸಸ್ಸಿನಲ್ಲಿ ಕೋಳಿಗಳಿಗೆ ಕುಕ್ಕರಿನಲ್ಲಿ ಅಡುಗೆ ಮಾಡಿ ಹಾಕುವ ಏಕೈಕ ಹೆಂಗಸು ನಮ್ಮ ಚಿಕ್ಕಮ್ಮ! ಇನ್ನೊಬ್ಬರು ಇದ್ದರೆ ತಿಳಿಸಿ, ಇಬ್ಬರನ್ನೂ ಭೇಟಿ ಮಾಡಿಸೋಣ. ತಮಾಷೆಯೆಂದರೆ ಆಕೆ ಮೊಟ್ಟೆ ತಿನ್ನುವುದಿಲ್ಲ. ಕೇಕಿನಲ್ಲಿ ಮೊಟ್ಟೆ ಇರಬಹುದೆಂಬ ಗುಮಾನಿ ಬಂದರೂ ತಟ್ಟೆ ದೂರ ಸರಿಸುತ್ತಾಳೆ. ಹಾಗಾದರೆ ಸೀಡರ್ ಪಾರ್ಕ್ ಎಂಬ ಊರಿನ ಮನೆಯ ಹಿತ್ತಲಲ್ಲಿ ಕೋಳಿ ಏಕೆ ಎಂದು ಕೇಳಿದಿರೋ, ಕೆಟ್ಟಿರಿ!

"ಗುಲಾಬಿ ಗಿಡ ಹಾಕ್ತೀರಲ್ಲ, ಅದನ್ನ ತಿಂತೀರಾ?"

ಮೊಟ್ಟೆಗಳೆಲ್ಲ ಬೇಲಿಯಾಚೆಯ ಅಮೆರಿಕನ್ ಅಜ್ಜಿಗೆ ಹೋಗುತ್ತವೆ.

ಹೂಸ್ಟನ್ನಿನಲ್ಲಿ ನನ್ನ ಕೆಲಸ ಹೋದಾಗ, "ಒಬ್ನೇ ಅಲ್ಲೇನು ಮಾಡ್ತೀಯ, ಬಂದ್ಬಿಡು" ಎಂದು ಕರೆದವಳೂ ಇವಳೇ. ಬೇರೆ ಕೆಲಸ ಸಿಗುವವರೆಗೆ ಎಂದು ಬಂದ ನನ್ನನ್ನು ಕೋಳಿಗಳ ಅಡುಗೆಗೆ ಸಹಾಯಕನಾಗಿ ನೇಮಿಸಿಕೊಂಡಳು. ಇಂಟರ್‌ವ್ಯೂ ಇಲ್ಲದೆ ಸಿಕ್ಕ ನನ್ನ ಮೊದಲ ಕೆಲಸ!

ಚಿಕ್ಕಮ್ಮನಿಗೆ ಬಾರ್ಲಿಯೆಂದರೆ ಸರ್ವರೋಗಕ್ಕೂ ಮದ್ದು. ಜ್ವರಕ್ಕೆ ಬಾರ್ಲಿ ನೀರು, ಉರಿಮೂತ್ರಕ್ಕೆ ಬಾರ್ಲಿ ನೀರು, ನಾನು ಇಂಟರ್‌ವ್ಯೂನಲ್ಲಿ ನಪಾಸಾದರೂ ಬಾರ್ಲಿ ನೀರು! ಅಂಥವಳು ಇಲ್ಲಿನ ಬಿಸಿಲಿಗೆ ಕೋಳಿಗಳ ಹೊಟ್ಟೆಯೂ ತಂಪಾಗಲಿ ಎಂದು ಮೆಕ್ಕೆಜೋಳ ಕಡಿಮೆ ಮಾಡಿ ಬಾರ್ಲಿ ಹಾಕತೊಡಗಿದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ಹಿಕ್ಕೆ ಅಂಟಂಟಾಗಿ, ಮೊಟ್ಟೆಗಳೆಲ್ಲ ಕೊಳಕಾದವು. ಅಮೆರಿಕನ್ ಅಜ್ಜಿ ನಯವಾಗಿ ಬೇಡವೆಂದರು.

"ಬಾರ್ಲಿ ನಿಲ್ಲಿಸೇ" ಎಂದರು ಚಿಕ್ಕಪ್ಪ.

"ಬೇಳೆ ತಿಂದ್ರೆ ನಿಮಗೆ ಗ್ಯಾಸ್ ಆಗತ್ತೆ. ನಾನು ಸಾರು ಮಾಡೋದು ನಿಲ್ಲಿಸಿದ್ನಾ?"

ಚಿಕ್ಕಪ್ಪ ಸೋತು ಫೋನಿನಲ್ಲಿ ಹುಡುಕಿದರು. ಬಾರ್ಲಿಯ ಅಂಟು ಕೋಳಿಗೆ ಸುಲಭವಾಗಿ ಅರಗುವುದಿಲ್ಲ, ಅದನ್ನು ಅರಗಿಸುವ ಎನ್‌ಜೈಮ್ ಪುಡಿ ಬೆರೆಸಬೇಕಂತೆ. ಪುಡಿ ಬಂತು. ಚಿಕ್ಕಮ್ಮ ಬಾರ್ಲಿ ನೆನೆಸಿ, ಪುಡಿ ಸುರಿದು, ಅಜೀರ್ಣಕ್ಕಿರಲಿ ಎಂದು ಚಿಟಿಕೆ ಇಂಗೂ ಸೇರಿಸಿ, ಕುಕ್ಕರ್ ಕೂಗಿಸಿಯೇಬಿಟ್ಟಳು! ಹಿಕ್ಕೆಯ ಅಂಟು ಒಂದಿಷ್ಟೂ ಕಡಿಮೆಯಾಗಲಿಲ್ಲ. ಪುಡಿ ಮಾಡಿದವರಿಗೆ ಮನಸಾರೆ ಬೈಗುಳ ಸಿಕ್ಕಿತು.

"ಬೇಯಿಸಿದ್ರೆ ಎನ್‌ಜೈಮ್ ಸತ್ತೋಗತ್ತೆ ಕಣೇ!" ಎಂದರು ಚಿಕ್ಕಪ್ಪ.

ಆಕೆ ನನ್ನತ್ತ ತಿರುಗಿದಳು. "ಅಯ್ಯೋ, ಕುದಿಯೋ ಹಾಲಿಗೆ ಹೆಪ್ಪು ಹಾಕ್ದಂಗಾಯ್ತಲ್ಲೋ! ಪಕ್ಕದಲ್ಲೇ ನಿಂತಿದ್ಯಲ್ಲ, ಹೇಳಬಾರ್ದಿತ್ತಾ?"

ಸಹಾಯಕನಾದವನದೇ ತಪ್ಪು, ಇನ್ಯಾರದು? ಅಂದಿನಿಂದ ಗಂಜಿ ಆರಿದೆಯೇ ಎಂದು ಬೆರಳಿಟ್ಟು ನೋಡಿಯೇ ಪುಡಿ ಬೆರೆಸಿದಳು. ಮೊಟ್ಟೆಗಳು ಶುಭ್ರವಾದವು. ಅಜ್ಜಿಯೂ ಮರಳಿ ಬಂದರು.

ಕೋಳಿಗಳಲ್ಲಿ ಕಂದು ಬಣ್ಣದ್ದೊಂದು ಮಾತ್ರ ಮೊಟ್ಟೆ ಇಡುವುದನ್ನೇ ನಿಲ್ಲಿಸಿತು. ಒಂದು ಭಾನುವಾರ ಯೂಲೆಸ್ ಊರಿನಿಂದ ಬಂದಿದ್ದ ನನ್ನ ಗೆಳೆಯ ಊಟದ ನಡುವೆ ಉಪದೇಶ ಶುರುಮಾಡಿದ. "ಮೊಟ್ಟೆ ಇಡದಿರೋ ಕೋಳಿಗೆ ಬಾರ್ಲಿ, ಎನ್‌ಜೈಮ್ ಎಲ್ಲಾ ವೇಸ್ಟ್ ಆಂಟಿ. ಯಾರಿಗಾದ್ರೂ ಕೊಟ್ಬಿಡಿ."

ಅಂದು ಬೆಳಿಗ್ಗೆಯಷ್ಟೇ ಇನ್ನೊಂದು ಕಂಪನಿ ನನ್ನನ್ನು ಬೇಡವೆಂದಿತ್ತು. ತಲೆ ತಗ್ಗಿಸಿ ಅನ್ನ ಕೆದಕುತ್ತ ಕುಳಿತೆ.

ಚಿಕ್ಕಮ್ಮ ಸೌಟು ಹಿಡಿದೇ ನಿಂತಳು. "ಮೊಟ್ಟೆಗೋಸ್ಕರ ಸಾಕಿದೀನಿ ಅಂತ ನಿಂಗ್ಯಾರಪ್ಪ ಹೇಳಿದ್ದು? ಇಡೋವಾಗ ಇಡತ್ತೆ. ಇಡದಿದ್ರೂ ಅದು ಈ ಮನೇದೇ. ಹೊತ್ತುಹೊತ್ತಿಗೆ ತಿಂದ್ಕೊಂಡಿರ್ಲಿ. ಯಾರೇನಂತಾರೋ ನಾನೂ ನೋಡ್ತೀನಿ!"

ಗೆಳೆಯ ಪೆಚ್ಚಾದ. ಆಕೆ ನನ್ನ ಪಕ್ಕಕ್ಕೆ ಬಂದು, ಕೇಳದೆಯೇ ಇನ್ನಷ್ಟು ಅನ್ನ ಹಾಕಿ ಸಾರು ಬಡಿಸಿದಳು.

"ತಲೆ ಎತ್ತಿ ಊಟ ಮಾಡೋ" ಎಂದಳು.