ಮಾವನ ಕಾರನ್ನು ಹಗುರ ಮಾಡಿದ್ದು

ಮಾವನವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅಷ್ಟಕ್ಕೇ ಕನ್ನಡಕದ ಅಂಗಡಿಯವರು ಸಕ್ಕರೆ ಹಾಕಿದ್ದ ಕಾಫಿಗೆ ಮತ್ತೆರಡು ಚಮಚ ಸಕ್ಕರೆ ಸುರಿದುಕೊಂಡರು.

"ಅಳಿಯಂದಿರೇ, ಮಧ್ಯಾಹ್ನ ಬರ್ತಾ ಇದೀನಿ. ಕಾರು ಯಾರಿಗೆ ಅನ್ನೋದು ಇವತ್ತೇ ತೀರ್ಮಾನ. ಅದಕ್ಕೆ ಮುಂಚೆ ಒಂದು ಮಾತು, ನಿಜ ಹೇಳ್ಬೇಕು. ನನ್ನ ಕಾರನ್ನ ಹಗುರ ಮಾಡಿದೀರಾ?"

"ಛೆ ಛೆ, ಎಲ್ಲಾದ್ರೂ ಇದೆಯಾ ಮಾವ. ನಿಮ್ಮ ಕಾರನ್ನ ನಾನು ಹಗುರ ಮಾಡೋದಾ?"

ಆ ಕಡೆಯಿಂದ "ಹ್ಞೂಂ" ಎಂಬ ಸದ್ದು ಬಂತು. ಫೋನು ಕಟ್ಟಾಯಿತು.

ಮಾವನವರು ಡ್ರೈವಿಂಗ್ ಸ್ಕೂಲ್ ನಡೆಸಿ ನಿವೃತ್ತರಾದವರು. ಜೀವಮಾನವಿಡೀ ಎಂಜಿನ್ನಿನ ಸದ್ದಿನ ಮೇಲೆ "ಬ್ರೇಕು, ಬ್ರೇಕು" ಎಂದು ಕೂಗಿದ ಗಂಟಲು ಅದು; "ಊಟ ಆಯ್ತಾ" ಎಂದು ಕೇಳಿದರೂ ಎದುರಿನವರು ಯಾವುದಕ್ಕೂ ಇರಲಿ ಎಂದು ಕ್ಷಮೆ ಕೇಳುತ್ತಿದ್ದರು. ಅವರ ಬಳಿ ಒಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ತಗ್ಗು ಮೈ, ಉದ್ದ ಮೂತಿ, ಕೆಂಪು ಬಣ್ಣ. ಹೆಣ್ಣುಮಕ್ಕಳಿಬ್ಬರನ್ನೂ ಹೆಚ್ಚು ಯೋಚಿಸದೆ ಧಾರೆ ಎರೆದುಕೊಟ್ಟವರು, ಕಾರನ್ನು ಮಾತ್ರ ಯಾವ ಅಳಿಯನಿಗೆ ಕೊಡುವುದೆಂದು ಬಹಳ ಕಾಲದಿಂದ ಅಳೆದು ಸುರಿಯುತ್ತಿದ್ದರು. ಕಣ್ಣು ಮಂಜಾಗಿ ತಾವು ಓಡಿಸುವುದು ನಿಂತ ಮೇಲೆ ಅದನ್ನು ಮೊದಲು ವಿಮೆ ಏಜೆಂಟನಾದ ದೊಡ್ಡ ಅಳಿಯನ ಮನೆಯಲ್ಲಿ ಬಿಟ್ಟರು, ಆಮೇಲೆ ಕನ್ನಡಕದವರ ಮನೆಯಲ್ಲಿ. ಯಾರ ಕೈಯಲ್ಲಿ ಹೇಗಿರುತ್ತದೋ ನೋಡುತ್ತೇನೆ ಎಂದಷ್ಟೇ ಹೇಳಿದ್ದರು.

ಕನ್ನಡಕದವರಿಗೆ ಆ ಕಾರಿನ ಮೇಲೆ ಜೀವ. ದಿನವಿಡೀ ಊರವರ ಕಣ್ಣಿಗೆ ಗಾಜು ಹೊಂದಿಸುತ್ತಿದ್ದ ಅವರನ್ನು ಊರಿನ ಯಾವ ಕಣ್ಣೂ ತಿರುಗಿ ನೋಡಿರಲಿಲ್ಲ. ಆ ಕಾರಿನಲ್ಲಿ ಕುಳಿತಾಗ ಮಾತ್ರ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ಕತ್ತು ತಿರುಗಿಸುತ್ತಿದ್ದರು. ಅದು ತಮ್ಮ ಪಾಲಿಗೆ ಬರದಿದ್ದರೆ ಇನ್ನುಳಿದ ಆಯುಷ್ಯವನ್ನು ಸ್ಕೂಟರಿನ ಮೇಲೆ ಯಾರಿಗೂ ಕಾಣದೆ ಕಳೆಯಬೇಕಲ್ಲ ಎಂಬುದೇ ಅವರ ಚಿಂತೆ.

ಕಾರಿಗೆ ಇದ್ದದ್ದು ಒಂದೇ ಐಬು. ಅದರ ಕಬ್ಬಿಣದ ಚಕ್ರಗಳು ರುಬ್ಬುವ ಕಲ್ಲಿನಷ್ಟು ಭಾರ. ಸ್ಟೇರಿಂಗ್ ತಿರುಗಿಸಲು ಭುಜ ಬೇಕು, ಏರು ಹತ್ತಲು ದೇವರು ಬೇಕು. ರಸ್ತೆಯ ಗುಂಡಿಗಳೆಲ್ಲ ನೇರವಾಗಿ ಬೆನ್ನುಹುರಿಗೆ ಬಂದು ಮಾತಾಡಿಸುತ್ತಿದ್ದವು. ಕಳೆದ ವಾರ ಕನ್ನಡಕದವರು ತಡೆಯಲಾರದೆ ಟೈರಿನ ಅಂಗಡಿಗೆ ಹೋಗಿ, ಹೊಸ ಬಗೆಯ ಹಗುರವಾದ ಅಲಾಯ್ ಚಕ್ರಗಳನ್ನು ಹಾಕಿಸಿಬಿಟ್ಟರು. ಕಾರು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು. ಅಂದು ಮನೆಗೆ ಬರುವ ದಾರಿಯಲ್ಲಿ ಅವರು ಹಾಡಿಕೊಂಡರಂತೆ. ಅವರಿಗೆ ಹಾಡು ಬರುತ್ತದೆಂದು ಹೆಂಡತಿಗೂ ಗೊತ್ತಿರಲಿಲ್ಲ.

ಈಗ ಆ ಹೆಂಡತಿ, ಫೋನಿನ ಮಾತು ಕೇಳಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಅಪ್ಪನಿಗೆ ಯಾರೋ ಹೇಳಿದಾರೆ ರೀ. ಆ ಕಾರಿನ ಸೀಟಿಗೆ ದಿಂಬು ಇಟ್ಟಿದ್ದಕ್ಕೇ ಅಮ್ಮನ ಹತ್ರ ಮೂರು ದಿನ ಮಾತು ಬಿಟ್ಟಿದ್ರು. ಚಕ್ರ ಬದಲಾಯಿಸಿದ್ದನ್ನ ಕಣ್ಣಾರೆ ನೋಡಿದ್ರೆ ಅವರ ಮರ್ಯಾದೇನೇ ಹಗುರ ಮಾಡಿದ ಹಾಗೆ. ಕಾರು ಭಾವನ ಮನೆಗೆ ಹೋಯ್ತು ಅಂತ ತಿಳ್ಕೊಳ್ಳಿ."

ಉಳಿದದ್ದು ಒಂದೇ ದಾರಿ. ಮಾವ ಬರುವಷ್ಟರಲ್ಲಿ ಹಳೆಯ ಚಕ್ರ ಹಾಕಬೇಕು. ಅಂಗಡಿಗೆ ರಜೆ ಕೊಟ್ಟು ಕನ್ನಡಕದವರು ಜಗುಲಿಗೆ ಓಡಿದರು. ಅಲ್ಲಿ ಚಕ್ರಗಳಿರಲಿಲ್ಲ. ಕಾಲಿಗೆ ತಗಲುತ್ತವೆಂದು ಹೆಂಡತಿ ಗೊಣಗಿದಾಗ, ಬೇಕಾದವರು ಒಯ್ಯಬಹುದೆಂದು ಬೀದಿಗೆಲ್ಲ ಸಾರಿದ್ದವರು ಸ್ವತಃ ಕನ್ನಡಕದವರೇ. ನೆರೆಯವರು ಇಂಥ ಮಾತನ್ನು ಎರಡನೇ ಸಲ ಹೇಳಿಸಿಕೊಳ್ಳುವವರಲ್ಲ.

ಎರಡು ಚಕ್ರ ಪಕ್ಕದ ಮನೆಯ ನಿವೃತ್ತ ಓವರ್‌ಸಿಯರರ ತಗಡಿನ ಚಾವಣಿಯ ಮೇಲೆ ಗಾಳಿಗೆ ತಗಡು ಹಾರದಂತೆ ಹೇರಾಗಿ ಕೂತಿದ್ದವು. ಬದಲಿಗೆ ಅಷ್ಟೇ ತೂಕ ಇಡದೆ ತೆಗೆಯಕೂಡದು, ಇದು ನಿಯಮ ಎಂದರು ಓವರ್‌ಸಿಯರರು. ಕನ್ನಡಕದವರು ಏಣಿಯ ಮೇಲೆ ಸಿಮೆಂಟಿನ ಇಟ್ಟಿಗೆ ಹೊತ್ತರು. ಓವರ್‌ಸಿಯರರು ಕೆಳಗೆ ಕುರ್ಚಿ ಹಾಕಿ ಕೂತು ಎಡಕ್ಕೆ, ಬಲಕ್ಕೆ ಎಂದು ಕೈ ಆಡಿಸಿದರು. ಕೊನೆಯ ಇಟ್ಟಿಗೆ ಇಟ್ಟಾಗ ಮೊದಲನೆಯದು ಕಿಟಕಿಯ ಮೇಲೆ ಬಿತ್ತು. ಆ ಗಾಜನ್ನು ಸಂಜೆ ಹಾಕಿಸಿಕೊಡುವುದಾಗಿ ಕನ್ನಡಕದವರು ಮಾತು ಕೊಟ್ಟರು.

ಇನ್ನೊಂದು ಎದುರುಮನೆಯ ಟೈಲರಮ್ಮನ ಬಾಗಿಲಲ್ಲಿತ್ತು. ಅದರ ಮೇಲೆ ಗುಲಾಬಿ ಕುಂಡ. ಚಕ್ರಕ್ಕೆ ಅರಿಸಿನ ಬಣ್ಣ, ಅದೂ ಆಗಷ್ಟೇ ಬಳಿದದ್ದು. ಟೈಲರಮ್ಮನಿಗೆ ಚಕ್ರ ಹೋಗುವುದಕ್ಕಿಂತ ಬಣ್ಣ ಹೋಗುವುದು ಹೆಚ್ಚು ಸಂಕಟವಾಯಿತು. ಕನ್ನಡಕದವರು ಅಂಗಡಿಯಿಂದ ಮಸೂರ ಒರೆಸುವ ದ್ರಾವಣದ ಬಾಟಲಿಗಳನ್ನೆಲ್ಲ ತಂದು ಸುರಿದು, ಮೃದುವಾದ ಬಟ್ಟೆಯಲ್ಲಿ ಚಕ್ರವನ್ನು ಗಿರಾಕಿಯ ಕನ್ನಡಕದಂತೆ ಒರೆಸಿದರು. ಅರಿಸಿನ ಚಕ್ರದಿಂದ ಅವರ ಅಂಗಿಗೆ ಬಂತು.

ನಾಲ್ಕನೆಯದು ಬೀದಿಯ ಮೇಲ್ತುದಿಯಲ್ಲಿದ್ದ ಪೈಲ್ವಾನನ ವ್ಯಾಯಾಮದ ಕೋಣೆಯಲ್ಲಿ ಸಿಕ್ಕಿತು. ಅವನು ಅದನ್ನು ಎದೆಯ ಮೇಲೆ ಎತ್ತಿ ಇಳಿಸುತ್ತಿದ್ದ. ಇಷ್ಟು ಭಾರದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಒಂದೇ ವಾರಕ್ಕೆ ಅಂಗಿ ಬಿಗಿಯಾಗಿದೆ ಎಂದು ಬೇಸರದಿಂದಲೇ ಬಿಟ್ಟುಕೊಟ್ಟ. ಕನ್ನಡಕದವರಿಗೆ ಅದನ್ನು ಎತ್ತುವುದಿರಲಿ, ನಿಲ್ಲಿಸುವುದೇ ಕಷ್ಟವಾಯಿತು. ಉರುಳಿಸೋಣ ಎಂದುಕೊಂಡರು. ಉರುಳಿಸಿದರು. ಇಳಿಜಾರು ಮಿಕ್ಕ ಕೆಲಸ ಮಾಡಿತು. ಚಕ್ರ ಮುಂದೆ, ಅವರು ಹಿಂದೆ, ಅವರ ಹಿಂದೆ ಪೈಲ್ವಾನ; ತರಕಾರಿ ಗಾಡಿ ತಪ್ಪಿತು, ಸೈಕಲ್ ತಪ್ಪಿತು, ಕೊನೆಗೆ ಅದು ಕ್ಷೌರದಂಗಡಿಯೊಳಗೆ ನುಗ್ಗಿ ಖಾಲಿ ಕುರ್ಚಿಯೊಂದಕ್ಕೆ ಒರಗಿ ನಿಂತಿತು. "ಸರದಿ ಇದೆ, ಹೊರಗೆ ಕೂತ್ಕೊಳ್ಳಿ" ಎಂದ ಕ್ಷೌರಿಕ, ತಲೆಯೆತ್ತದೆ.

ಜೀವನವಿಡೀ ಎಳ್ಳಿನಷ್ಟು ಸಣ್ಣ ತಿರುಪು ಬಿಗಿದ ಕೈಗೆ ಕಾರಿನ ನಟ್ಟು ಜಗ್ಗಲಿಲ್ಲ. ಪೈಲ್ವಾನ ಪಾನಾ ಹಿಡಿದ, ಟೈಲರಮ್ಮ ನಟ್ಟುಗಳನ್ನು ಗುಂಡಿಗಳಂತೆ ಬಟ್ಟಲಲ್ಲಿ ಜೋಡಿಸಿಕೊಂಡರು, ಓವರ್‌ಸಿಯರರು ಮೇಲ್ವಿಚಾರಣೆ ಮಾಡಿದರು. ಒಮ್ಮೆ ಜ್ಯಾಕು ಜಾರಿ ಕಾರು ಒಂದು ಮಗ್ಗುಲಿಗೆ ಕುಸಿದಾಗ ಕನ್ನಡಕದವರ ಕಣ್ಣಲ್ಲಿ ನೀರೇ ಬಂತು. ಕೊನೆಗೂ ಕಬ್ಬಿಣದ ಚಕ್ರಗಳು ಸ್ವಸ್ಥಾನ ಸೇರಿದವು. ಅವರು ಮೂವರಿಗೂ ಕೈಮುಗಿದು, ಮಾವ ಏನೇ ಕೇಳಲಿ, ಈ ಮನುಷ್ಯ ಕಾರಿನ ಒಂದು ನಟ್ಟನ್ನೂ ಮುಟ್ಟಿಲ್ಲ ಎನ್ನಬೇಕೆಂದು ಬೇಡಿಕೊಂಡರು. ನಾಲಿಗೆ ಹೋದರೂ ಬೇರೆ ಮಾತು ಬರದು ಎಂದು ಪೈಲ್ವಾನ ತೋಳು ತಟ್ಟಿದ.

ಇನ್ನು ಹೊಸ ಚಕ್ರಗಳನ್ನು ಎಲ್ಲಿ ಬಚ್ಚಿಡುವುದೆಂದು ಅತ್ತಿತ್ತ ನೋಡುತ್ತಿರುವಾಗಲೇ ಬಾಗಿಲಿಗೆ ಒಂದು ಕಾರು ಬಂತು. ಇಳಿದವರು ವಿಮೆ ಏಜೆಂಟರಾದ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ಒರೆಸಿದ ಶೂ, ಒರೆಸಿದಂಥದೇ ನಗು. ಅವರು ಚಕ್ರಗಳನ್ನು ನೋಡಿದರು, ಅರಿಸಿನದ ಅಂಗಿ ನೋಡಿದರು, ಎಲ್ಲ ತಿಳಿದುಕೊಂಡರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಕನ್ನಡಕದವರು ಫೋನಿನ ಮಾತೂ ಸೇರಿದಂತೆ ನಡೆದದ್ದನ್ನೆಲ್ಲ ಹೇಳಿ, ಮಾವನ ಮುಂದೆ ಮಾನ ಕಳೆಯಬೇಡಿ ಎಂದರು.

ಷಡ್ಡಕರು ಅವರ ಹೆಗಲ ಮೇಲೆ ಕೈಯಿಟ್ಟರು. "ಎಂಥ ಮಾತು ಷಡ್ಡಕರೇ. ಒಂದೇ ಮನೆಗೆ ಅಳಿಯಂದಿರು ನಾವು. ನಿಮ್ಮ ಮಾನ ಬೇರೆ, ನನ್ನ ಮಾನ ಬೇರೆನಾ? ನನ್ನ ಡಿಕ್ಕೀಲಿ ಹಾಕಿ. ಮಾವ ಅಲ್ಲಿ ಯಾಕೆ ನೋಡ್ತಾರೆ?"

ಇಷ್ಟು ವರ್ಷ ಈ ಮನುಷ್ಯನನ್ನು ತಪ್ಪು ತಿಳಿದೆನಲ್ಲ ಎಂದು ಕನ್ನಡಕದವರ ಮನಸ್ಸೇ ಕರಗಿತು. ಎರಡು ಚಕ್ರ ಡಿಕ್ಕಿಗೆ, ಎರಡು ಹಿಂದಿನ ಸೀಟಿಗೆ ಹೋದವು. ಮೇಲೆ ಷಡ್ಡಕರೇ ಒಂದು ಹೊದಿಕೆ ಹಾಸಿದರು.

ಮಾವನವರು ಟ್ಯಾಕ್ಸಿಯಿಂದ ಇಳಿದವರು ಮನೆಯೊಳಕ್ಕೂ ಬರಲಿಲ್ಲ. ಸೀದಾ ಕಾರಿನ ಬಳಿ ಹೋಗಿ, ಬಗ್ಗಿ, ಊರುಗೋಲಿನಿಂದ ಒಂದೊಂದು ಚಕ್ರವನ್ನೂ ತಟ್ಟಿದರು. ಠಣ್ ಎಂದಿತು. ಸುತ್ತು ಮುಗಿಸಿ ನಿಟ್ಟುಸಿರು ಬಿಟ್ಟರು.

"ಅದೇ ಕಬ್ಬಿಣ. ಅಂದ್ರೆ ನೀವೂ ಮುಟ್ಟಿಲ್ಲ."

"ಒಂದು ನಟ್ಟೂ ಮುಟ್ಟಿಲ್ಲ ಮಾವ," ಎಂದರು ಕನ್ನಡಕದವರು ಎದೆಯುಬ್ಬಿಸಿ.

"ಇವು ಯಾವ ಚಕ್ರ ಗೊತ್ತಾ? ಸಾಮಾನು ಹೊರೋ ವ್ಯಾನಿಂದು. ಸ್ಕೂಲಿನ ಕಾರು ಕೆಟ್ಟಾಗೆಲ್ಲ ನಾನು ಈ ಕಾರಲ್ಲೇ ಕಲಿಸ್ತಿದ್ದೆ. ಕಲಿಯೋರು ಗೋಡೆಗೆ ಗುದ್ದಿ ಗುದ್ದಿ ಇದರ ಸ್ವಂತ ಚಕ್ರ ಸೊಟ್ಟ ಮಾಡಿದ್ರು ಅಂತ ಇವನ್ನ ಹಾಕಿದ್ದೆ. ಓಡೋ ಕುದುರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ನಿಜವಾಗಿ ಇದನ್ನ ಪ್ರೀತಿಸೋನು ಎರಡು ದಿನ ಓಡಿಸಿದ್ರೆ ಸಾಕು, ತಡೀಲಾರದೆ ಹಗುರದ ಚಕ್ರ ತಂದು ಹಾಕ್ತಾನೆ. ಅವನಿಗೇ ಕಾರು ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ. ಬೆಳಿಗ್ಗೆ ಬಾಯಿಬಿಟ್ಟು ಕೇಳಿದ್ನಲ್ಲ, ಹಗುರ ಮಾಡಿದೀರಾ ಅಂತ. ಛೆ ಛೆ ಅಂದ್ರಿ."

ಕನ್ನಡಕದವರ ಕಣ್ಣಿಗೆ ಬೀದಿ ಒಂದು ಸುತ್ತು ತಿರುಗಿತು. ಹಗುರ ಮಾಡುವುದೆಂದರೆ ಅವಮಾನ ಮಾಡುವುದಷ್ಟೇ ಅಲ್ಲ, ತೂಕ ಇಳಿಸುವುದೂ ಆಗುತ್ತದೆಂದು ಅವರ ತಲೆಗೆ ಹೊಳೆದೇ ಇರಲಿಲ್ಲ. "ಮಾವ, ನಾನು ಹಾಕಿಸಿದ್ದೆ," ಎಂದರು. "ದೇವರಾಣೆ ಹಾಕಿಸಿದ್ದೆ. ನಿಮಗೆ ಹೆದರಿ ಇವತ್ತು ಬಿಚ್ಚಿದೆ. ಇವರನ್ನೆಲ್ಲ ಕೇಳಿ."

ಮಾವ ಓವರ್‌ಸಿಯರರ ಕಡೆ ತಿರುಗಿದರು. ಓವರ್‌ಸಿಯರರು ಗಂಟಲು ಸರಿಮಾಡಿಕೊಂಡು, ನನ್ನ ಸೇವಾವಧಿಯಲ್ಲಿ ಒಂದು ಸುಳ್ಳನ್ನೂ ಆಡದವನು ಹೇಳುತ್ತಿದ್ದೇನೆ, ಈ ಮನುಷ್ಯ ಆ ಕಾರಿನ ಒಂದು ನಟ್ಟನ್ನೂ ಮುಟ್ಟಿಲ್ಲ ಎಂದರು. ಟೈಲರಮ್ಮ ತಾವು ಬಾಗಿಲಲ್ಲೇ ಕೂತು ಹೊಲಿಯುವವರು, ಮುಟ್ಟಿದ್ದರೆ ಕಾಣುತ್ತಿತ್ತು ಎಂದರು. ಕನ್ನಡಕದವರು ಆ ಮಾತು ಈಗ ಬೇಡವೆಂದು ಎಷ್ಟು ಕಣ್ಸನ್ನೆ ಮಾಡಿದರೂ ಅವರಿಗೆ ಅದು ಶಾಬಾಸ್ ಎಂದಂತೆ ಕಂಡಿತು. ಪೈಲ್ವಾನ ತೋಳು ತಟ್ಟಿದ. ಉಳಿದವರು ಹೆಂಡತಿ. ಅವರು ನಿಜ ಹೇಳಿದರು. ಗಂಡನ ಪರ ಮಗಳು ಹೀಗೆ ನಿಲ್ಲುವುದು ಸಂತೋಷ ಎಂದು ಮಾವ ತಲೆ ಸವರಿದರು.

"ಹಾಕಿಸಿದ್ರೆ ಚಕ್ರ ಎಲ್ಲಿ? ತೋರಿಸಿ."

ಕನ್ನಡಕದವರು ಆಸೆಯಿಂದ ಷಡ್ಡಕರ ಮುಖ ನೋಡಿದರು. ಷಡ್ಡಕರು ತಲೆ ತಗ್ಗಿಸಿ, ಬಹಳ ವಿನಯದಿಂದ ಮುಂದೆ ಬಂದರು.

"ನಾನೇ ಹೊಗಳ್ಕೊಳ್ಳೋದು ಬೇಡ ಅಂತ ಸುಮ್ಮನಿದ್ದೆ ಮಾವ. ಕಾರು ನನ್ನ ಹತ್ರ ಇದ್ದಾಗ ಅದರ ಕಷ್ಟ ನೋಡಿ ಕರುಳು ಕಿತ್ತು ಬರ್ತಿತ್ತು. ಹುಡುಕಿ ಹುಡುಕಿ ತರೋ ಹೊತ್ತಿಗೆ ಕಾರು ಇಲ್ಲಿಗೆ ಬಂದಾಗಿತ್ತು." ಹೀಗೆಂದು ಡಿಕ್ಕಿ ತೆರೆದು, ಹೊದಿಕೆ ಎಳೆದರು.

ಮಾವ ಹಗುರದ ಚಕ್ರವೊಂದನ್ನು ಎರಡು ಕೈಯಲ್ಲಿ ಎತ್ತಿ ನೋಡಿದರು. ಅವರ ಕಣ್ಣು ತುಂಬಿ ಬಂತು. ಕನ್ನಡಕದವರಿಗೂ ಕಣ್ಣು ತುಂಬಿತ್ತು, ಆದರೆ ಅದನ್ನು ಯಾರೂ ನೋಡಲಿಲ್ಲ. ಅದು ನನ್ನದು ಎಂದು ಅವರು ಎರಡು ಸಲ ಹೇಳಿದರು. ಷಡ್ಡಕರ ಮೇಲೆ ಹೀಗೆ ಮತ್ಸರ ಪಡಬಾರದು ಎಂದು ಮಾವ ಬುದ್ಧಿ ಹೇಳಿದರು.

ಬೆಳಗಿನಿಂದ ಕೈ ಪಳಗಿದ್ದರಿಂದ ನೆರೆಯವರು ಹೊಸ ಚಕ್ರಗಳನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹಾಕಿಕೊಟ್ಟರು. ಕೀಲಿಕೈಯನ್ನು ಷಡ್ಡಕರಿಗೆ ಕೊಟ್ಟು ಮಾವ ಒಂದು ಸೀಟಿನಲ್ಲಿ, ಷಡ್ಡಕರು ಇನ್ನೊಂದರಲ್ಲಿ ಕೂತರು. ಎಂಜಿನ್ನು ಗುಟುರು ಹಾಕಿತು. ಅಷ್ಟರಲ್ಲಿ ಷಡ್ಡಕರು ಇಳಿದು ಕನ್ನಡಕದವರ ಕಿವಿಯ ಬಳಿ ಬಂದರು.

"ಷಡ್ಡಕರೇ, ನಟ್ಟು ಎಷ್ಟು ಬಿಗಿ ಇರ್ಬೇಕು ಅಂತ ಮಾವ ಕೇಳ್ತಿದಾರೆ. ಅಂಗಡಿಯವನು ಏನಂದಿದ್ದ?"

ಹೇಳಬಾರದೆಂದು ಕನ್ನಡಕದವರು ಹಲ್ಲು ಕಚ್ಚಿದರು. ಆದರೆ ಪೈಲ್ವಾನ ಬಿಗಿದದ್ದು ಹೆಚ್ಚಾಗಿ ಆ ಹಗುರದ ಲೋಹ ಬಿರುಕು ಬಿಟ್ಟರೆ? ಅವರಿಗೆ ತಡೆಯಲಾಗಲಿಲ್ಲ. ತಾವೇ ಪಾನಾ ತೆಗೆದುಕೊಂಡು ಧೂಳಿನಲ್ಲಿ ಮೊಣಕಾಲೂರಿ, ಒಂದೊಂದು ನಟ್ಟನ್ನೂ ಸಡಿಲಿಸಿ, ಹದವಾಗಿ ಬಿಗಿಯತೊಡಗಿದರು.

ಮಾವ ಕಿಟಕಿಯಿಂದ ಬಗ್ಗಿ, ಆ ದಿನ ಮೊದಲ ಬಾರಿಗೆ ಮೆಲ್ಲನೆಯ ದನಿಯಲ್ಲಿ ಮಾತಾಡಿದರು. "ಪರವಾಗಿಲ್ಲ ಅಳಿಯಂದಿರೇ. ಷಡ್ಡಕರನ್ನ ನೋಡಿ ನೀವೂ ಸ್ವಲ್ಪ ಸ್ವಲ್ಪ ಕಲೀತಾ ಇದೀರಿ."

ಕನ್ನಡಕದವರು ಮುಂದಿನ ಚಕ್ರದ ಕಡೆಗೆ ತೆವಳಿದರು.