ಜಾರಬಾರದ ಕ್ಲಚ್ಚು

ಯಂತ್ರಗಳ ವಿಷಯದಲ್ಲಿ ನನ್ನ ಅರ್ಹತೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ನಮ್ಮ ಮನೆಯ ಟೇಬಲ್ ಫ್ಯಾನನ್ನು ನಾನೇ ಬಿಚ್ಚಿ ನಾನೇ ಜೋಡಿಸಿದ್ದೇನೆ. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. ಫ್ಯಾನು ಈಗಲೂ ತಿರುಗುತ್ತದೆ. ಅಂದರೆ ಆ ಎರಡು ಸ್ಕ್ರೂಗಳನ್ನು ಕಂಪನಿಯವರು ಸುಮ್ಮನೆ ಹಾಕಿದ್ದರು ಎಂದಾಯಿತು. ಇಂಥ ನನ್ನ ಕೈಗೆ ಭಾವನ ಬಗ್ಗಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಬಗ್ಗಿ ಎಂದರೆ ಕುದುರೆ ಕಟ್ಟುವ ಗಾಡಿಯಲ್ಲ. ಮೊಳದುದ್ದದ, ರಿಮೋಟಿನಲ್ಲಿ ಓಡುವ ರೇಸ್ ಕಾರು. ಮಸ್ಕತ್‌ನಲ್ಲಿ ಏರ್‌ಕಂಡೀಷನರ್ ರಿಪೇರಿ ಮಾಡುವ ನಮ್ಮ ಭಾವ ಮುನಿರಾಜು ಅದನ್ನು ತಂದಿದ್ದರು. ಅಲ್ಲೇ ಅವರ ಜೊತೆ ಕೆಲಸ ಮಾಡುವ, ಬಂಗಾರಪೇಟೆ ರೈಲ್ವೆ ಕ್ವಾರ್ಟರ್ಸಿನ ಸೆಲ್ವಂ ಕೂಡ ಅಂಥದ್ದೇ ಒಂದು ತಂದಿದ್ದರು. ಇಬ್ಬರೂ ರಜೆಗೆ ಬಂದಾಗ ನಮ್ಮ ಗಣಿಯೂರು ಮೈಸೂರು ಮೈನ್ಸಿನಲ್ಲಿ ಸೈನೈಡ್ ದಿಬ್ಬದ ಬುಡದಲ್ಲಿ ಪಂದ್ಯ. ಚಿನ್ನ ತೆಗೆದ ಮೇಲೆ ಉಳಿಯುವ ಕಲ್ಲಿನ ಹಿಟ್ಟನ್ನು ಗುಡ್ಡ ಹಾಕಿರುವ ಜಾಗ ಅದು. ನೆಲ ಸಪಾಟಾಗಿದೆ, ಜನ ಧಾರಾಳವಾಗಿ ಸೇರುತ್ತಾರೆ, ಧೂಳು ಜನಕ್ಕಿಂತ ಧಾರಾಳ.

ಭಾವ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಇದಕ್ಕೆ ಕಾರಣ ನನ್ನ ಪ್ರತಿಭೆ. ಅಕ್ಕನ ಮದುವೆಯ ಬೀಗರ ಊಟದಲ್ಲಿ ಎಲ್ಲರೂ ನನ್ನನ್ನು ಹುರಿದುಂಬಿಸಿದಾಗ, ಭಾವ ಮಸ್ಕತ್ ಸಾಹೇಬನ ಫೋನು ಬಂದರೆ ಹೇಗೆ ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಫೋನಿಗೇ ತಲೆಬಾಗಿ "ಎಸ್ ಸರ್" ಅನ್ನುತ್ತಾರೆ ಎಂದು ಮಾಡಿ ತೋರಿಸಿದೆ. ನಮ್ಮ ಕಡೆಯವರು ಮಾತ್ರ ನಕ್ಕಿದ್ದರೆ ಭಾವ ಕ್ಷಮಿಸುತ್ತಿದ್ದರೇನೋ. ನಕ್ಕವರಲ್ಲಿ ಅವರ ಸ್ವಂತ ಅಜ್ಜಿಯೇ ಮೊದಲು. ಎಲೆಯ ಮೇಲಿನ ಮುದ್ದೆ ಬಿಟ್ಟು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು.

ಅಂದಿನಿಂದ ನಮ್ಮ ಮನೆಗೆ ಬಂದರೂ ಭಾವ ನನಗೆ ಹೇಳಬೇಕಾದ್ದನ್ನು ಅಕ್ಕನಿಗೆ ಹೇಳುತ್ತಿದ್ದರು. ನಾನು ಎದುರಿಗೇ ಕೂತಿದ್ದರೂ "ನಿನ್ನ ತಮ್ಮನ್ನ ಕಾಲು ಮಡಚಿಕೊಳ್ಳಕ್ಕೆ ಯೋಳು" ಅನ್ನುತ್ತಿದ್ದರು. ಅಕ್ಕ ನನ್ನತ್ತ ತಿರುಗಿ ಅದನ್ನೇ ಹೇಳುತ್ತಿದ್ದಳು. ತವರಿಗೆ ಬಂದವಳಿಗೆ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ.

ಅದು ಅವಳಿಗೂ ಸಾಕಾಗಿತ್ತು. ಒಂದು ಗುರುವಾರ ಬಂಗಾರಪೇಟೆಯ ಗಂಡನ ಮನೆಯಿಂದ ರೈಲಿಗೆ ಬಂದವಳು ತರಕಾರಿ ಚೀಲದಿಂದ ಬಗ್ಗಿಯನ್ನು ತೆಗೆದು ಚಾಪೆಯ ಮೇಲಿಟ್ಟಳು.

"ಲೇ ಎಂಕ್ಟೇಸ, ಅವ್ರು ಮುಳಬಾಗಿಲಿಗೆ ಗೃಹಪ್ರವೇಶಕ್ಕೆ ಓಗವ್ರೆ. ಬರೋದು ಭಾನ್ವಾರ ಬೆಳಿಗ್ಗೆ. ಇದು ಓಡುವಾಗ ಕರಕರ ಅಂತೈತೆ, ಗೇರು ಸವ್ದೈತಂತೆ. ಒಸ ಗೇರು ಈ ಪೊಟ್ಣದಾಗೈತೆ. ನೀನು ಸರಿ ಮಾಡಿ ಮಡಗು. ಅದು ಚೆನ್ನಾಗಿ ಓಡಿದ್ರೆ ಅವ್ರು ನಿನ್ನ ಮಾತಾಡಿಸದೆ ಎಲ್ಲಿಗೆ ಓಗ್ತಾರೆ?"

"ನಿನ್ನ ಗಂಡ ಬಂದು ನನ್ನ ಕೈ ಇಡ್ಕೊಂಡು ಥ್ಯಾಂಕ್ಸ್ ಅಂತಾರೆ, ನೋಡ್ತಿರು" ಎಂದೆ.

"ಅವ್ರಂಗೆ ಮಾತಾಡಿ ತೋರ್ಸಬೇಡ. ಸರಿ ಮಾಡು ಸಾಕು."

ಬಿಚ್ಚಿದೆ. ಬಿಚ್ಚುವುದರಲ್ಲಿ ನಾನು ಎಂದೂ ಸೋತವನಲ್ಲ. ಮೋಟರಿನ ಮೂತಿಯಲ್ಲಿ ಪಿನಿಯನ್ ಎಂಬ ಚಿಕ್ಕ ಕಬ್ಬಿಣದ ಗೇರು, ಅದು ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ಗೇರು. ದೊಡ್ಡದರ ಹಲ್ಲುಗಳು ಧೂಳು ತಿಂದು ತಿಂದು ಮೊನೆಯಾಗಿದ್ದವು. ಅದನ್ನು ಕಳಚಿ ಜೇಬಿಗೆ ಹಾಕಿಕೊಂಡು ಹೊಸದನ್ನು ಕೂರಿಸಿದೆ. ಆಗ ಒಂದು ಭಯಂಕರ ಸಂಗತಿ ಕಣ್ಣಿಗೆ ಬಿತ್ತು. ಗೇರನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಹಿಂದಿನ ಚಕ್ರ ತಿರುಗಿಸಿದರೆ, ಗೇರಿನ ಪಕ್ಕದಲ್ಲಿದ್ದ ಕ್ಲಚ್ಚು ಮೆಲ್ಲಗೆ ಜಾರುತ್ತಿತ್ತು.

ಜಾರುವುದು ಎಂಬ ಪದವನ್ನು ನಮ್ಮ ಮನೆಯಲ್ಲಿ ಸುಮ್ಮನೆ ಬಳಸುವ ಹಾಗಿಲ್ಲ. ಅಪ್ಪ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಆಳುಗಳನ್ನು ತುಂಬಿದ ಪಂಜರವನ್ನು ಉಕ್ಕಿನ ಹಗ್ಗದಲ್ಲಿ, ಶಾಫ್ಟು ಎಂಬ ಆಳದ ಬಾವಿಯೊಳಗೆ, ಭೂಮಿಯ ಹೊಟ್ಟೆಗೆ ಇಳಿಸಿ ಎತ್ತುವ ಕೆಲಸ. ಅವರು ಶಿಫ್ಟಿಗೆ ಹೊರಡುವ ಹೊತ್ತಿನಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದರೂ "ಬಿದ್ದೆ" ಅನ್ನಬೇಕೇ ಹೊರತು "ಜಾರಿದೆ" ಅನ್ನಬಾರದು ಎಂಬುದು ಅಮ್ಮನ ಕಾನೂನು. ಅಂಥ ಮನೆಯ ಚಾಪೆಯ ಮೇಲೆ ಜಾರುವ ಕ್ಲಚ್ಚು!

ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಗೇರು ಹಿಡಿದು, ಚಕ್ರ ತಿರುಗಿಸಿ, ನಿಧಾನಕ್ಕೆ ಕನ್ನಡಕ ತೆಗೆದರು.

"ಯಾವನ್ಲಾ ಇದನ್ನ ಮಾಡಿದ್ದು? ನಮ್ಮ ಶಾಫ್ಟಾಗೆ ಈಂಗೆ ಜಾರಿದ್ರೆ ಕೆಳಗಿರೋರ ಗತಿ ಏನು? ಬಿಗಿ ಮಾಡು."

"ಎಷ್ಟು ಬಿಗೀಲಪ್ಪ?"

"ಬಿಗಿಯಾಗೋವರ್ಗೂ."

ಕ್ಲಚ್ಚಿಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿಗೆ ಒಂದು ನಟ್ಟು. ಸ್ಪ್ರಿಂಗು ಚಪ್ಪಟೆಯಾಗುವವರೆಗೆ ನಟ್ಟು ತಿರುಗಿಸಿದೆ. ಅಪ್ಪ ಮತ್ತೊಮ್ಮೆ ಪರೀಕ್ಷಿಸಿ, ಸರ್ಕಾರಿ ಇನ್‌ಸ್ಪೆಕ್ಟರರ ಹಾಗೆ ತಲೆಯಾಡಿಸಿ, ಕಾಫಿಗೆ ಎದ್ದುಹೋದರು.

ಇನ್ನೊಂದು ಸಮಸ್ಯೆ ಉಳಿದಿತ್ತು. ಪೊಟ್ಟಣದ ಮೇಲಿನ ಚಿತ್ರದಲ್ಲಿ ಎರಡು ಗೇರುಗಳ ನಡುವೆ ಒಂದು ಕಾಗದದ ಚೂರು ಕಾಣುತ್ತಿತ್ತು. ಸರಿ, ಕಾಗದ ಬೇಕು ಎಂದು ರಾಬರ್ಟ್‌ಸನ್‌ಪೇಟೆಯ ಬಸ್ ಟಿಕೆಟ್ಟೊಂದನ್ನು ನಡುವೆ ಇಟ್ಟು ಮೋಟರು ಬಿಗಿದೆ. ಅಂಗಳದಲ್ಲಿ ಓಡಿಸಿ ನೋಡಿದರೆ ಕಾರು ಕೆಮ್ಮಿ ಕೆಮ್ಮಿ, ಅಮ್ಮ ಸುಲಿಯುತ್ತಿದ್ದ ಅವರೆಕಾಯಿಯ ಮೇಲೆ ಟಿಕೆಟ್ಟಿನ ಚೂರುಗಳನ್ನು ಉಗುಳಿತು.

"ಏನ್ಲಾ ಇದು, ಟಿಕೆಟ್ ಅರ್ದು ಕೊಡ್ತೈತೆ? ಕಂಡಕ್ಟ್ರು ಕೆಲ್ಸ ಕಲ್ಸಿದ್ಯಾ?" ಎಂದರು ಅಮ್ಮ.

ಎರಡು ಗೇರುಗಳ ನಡುವೆ ಕೂದಲೆಳೆಯ ಸಂದು ಇರಲೆಂದು ಕಾಗದ ಇಟ್ಟು, ಬಿಗಿದು, ಆಮೇಲೆ ಅದನ್ನು ತೆಗೆಯಬೇಕು ಎಂದು ಯಾರಾದರೂ ಹೇಳಿದ್ದರೆ ನಾನು ಕೇಳುತ್ತಿದ್ದೆ. ಹೇಳದ ಕಾರಣ, ಕಾಗದದ ತಂಟೆಯೇ ಬೇಡವೆಂದು ಪಿನಿಯನ್ನನ್ನು ಗೇರಿಗೆ ಬೆಳಕು ತೂರದಂತೆ ಒತ್ತಿ ಬಿಗಿದೆ. ಕಾರು ಕರಕರ ಬಿಟ್ಟು ಕಿರ್ರೆಂದಿತು. ಅದಕ್ಕೆ ಔಷಧ ಮನೆಯಲ್ಲೇ ಇತ್ತು: ಬಾಗಿಲ ಕೀಲಿಗೆ ಹಚ್ಚಲು ಅಪ್ಪ ಇಟ್ಟಿದ್ದ, ಉಕ್ಕಿನ ಹಗ್ಗಕ್ಕೆ ಬಳಿಯುವ ಕಪ್ಪು ಗ್ರೀಸು. ಬೊಗಸೆಗೆ ಸ್ವಲ್ಪ ಕಡಿಮೆ ಬಳಿದೆ. ಸದ್ದು ನಿಂತಿತು. ಇಷ್ಟು ಗ್ರೀಸಿನ ಮೇಲೆ ಗೇರಿನ ಮುಚ್ಚಳ ಕೂರಲಿಲ್ಲ. ಕಂಪನಿಯವರು ಸುಮ್ಮನೆ ಹಾಕಿದ ವಸ್ತುಗಳ ಸಾಲಿಗೆ ಅದನ್ನೂ ಸೇರಿಸಿ ಜೇಬಿಗೆ ಹಾಕಿಕೊಂಡೆ.

ಭಾನುವಾರ ದಿಬ್ಬದ ಬುಡದಲ್ಲಿ ಜನ ಸೇರಿದ್ದರು. ಭಾವ ಮುಳಬಾಗಿಲಿನಿಂದ ನೇರ ಅಲ್ಲಿಗೇ ಬಂದರು. ಅಕ್ಕ ಹೆಮ್ಮೆಯಿಂದ, "ರೀ, ಗೇರು ಬದಲಾಯ್ಸೈತೆ. ಎಂಕ್ಟೇಸನೇ ಮಾಡಿದ್ದು" ಎಂದಳು.

ಭಾವ ಕಾರನ್ನು ನೋಡಿದರು, ನನ್ನ ಕಪ್ಪು ಕೈಗಳನ್ನು ನೋಡಿದರು. "ಏನೇನು ಮುಟ್ದ ಅಂತ ಕೇಳು" ಎಂದರು ಅಕ್ಕನಿಗೆ. ನಾನು ಉತ್ತರ ಕೊಡುವಷ್ಟರಲ್ಲಿ ಸೆಲ್ವಂ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೂಗಿದರು: "ಎನ್ನ ಮುನಿರಾಜು, ವಂಡಿ ಬಿಡ್ತೀಯಾ, ಇಲ್ಲಾ ಸಂಬಂಧ ಮಾತಾಡ್ತಾ ನಿಂತ್ಕೋತೀಯಾ?"

ಭಾವ ರಿಮೋಟಿನ ಗುಂಡಿ ಒತ್ತಿದರು. ಕಾರು ಮುಂದೆ ಹೋಗುವ ಬದಲು ಮುಂಗಾಲೆತ್ತಿ ನಿಂತು, ಹಿಂದಕ್ಕೆ ಲಾಗ ಹಾಕಿ, ಬೆನ್ನ ಮೇಲೆ ಮಲಗಿತು. ಜನ ಚಪ್ಪಾಳೆ ತಟ್ಟಿದರು. ಇದೂ ಆಟದ ಭಾಗ ಅಂದುಕೊಂಡಿರಬೇಕು. ಭಾವ ಓಡಿ ಹೋಗಿ ಎತ್ತಿ ನಿಲ್ಲಿಸಿ ಮೆಲ್ಲಗೆ ಬಿಟ್ಟರು. ಆಗ ನೋಡಿ, ಬಗ್ಗಿ ಬಾಣದ ಹಾಗೆ ಹೊರಟಿತು. ಮೊದಲ ಸುತ್ತು ಮುಗಿಯುವುದರಲ್ಲಿ ಸೆಲ್ವಂ ಕಾರನ್ನು ಹಿಂದೆ ಹಾಕಿತು. ಭಾವನ ಮುಖದಲ್ಲಿ ನಗು ಬಂತು, ಆ ನಗು ನನ್ನ ಕಡೆಗೇ ತಿರುಗುತ್ತಿತ್ತು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

ಅಷ್ಟರಲ್ಲಿ ಕಾರು, ಪಂದ್ಯಕ್ಕೆಂದೇ ಅಡ್ಡಲಾಗಿ ಹಾಕಿದ್ದ ಮಣ್ಣಿನ ಉಬ್ಬು ಹಾರಿತು. ಚಕ್ರಗಳು ಗಾಳಿಯಲ್ಲಿ ರೊಯ್ಯನೆ ತಿರುಗುತ್ತಾ ಬಂದು ನೆಲಕ್ಕೆ ಕಚ್ಚಿದವು. ಟರ್ರ್ ಎಂದಿತು. ಆಮೇಲೆ ಮೋಟರು ಇಂಪಾಗಿ ಹಾಡತೊಡಗಿತು. ಕಾರು ನಿಂತು ಕೇಳುತ್ತಿತ್ತು.

ಸೆಲ್ವಂ ಕಾರು ಪಕ್ಕದಲ್ಲೇ ಹಾದುಹೋಯಿತು. "ಟೀ ಕುಡ್ಯಕ್ಕೆ ನಿಂತೈತಾ?" ಎಂದರು ಸೆಲ್ವಂ.

ಭಾವ ಕೂತು ಬಿಚ್ಚಿದರು. ಗ್ರೀಸಿಗೆ ದಿಬ್ಬದ ಹಿಟ್ಟು ಮೆತ್ತಿಕೊಂಡು ಕಲ್ಲುಗಾರೆಯಂತಾಗಿತ್ತು. ಅದರೊಳಗೆ ಹೊಸ ಗೇರು ಅರ್ಧಕ್ಕರ್ಧ ಬೋಳಾಗಿತ್ತು. ಭಾವನ ಬೆರಳು ಆ ನಟ್ಟಿನ ಮೇಲೆ ನಿಂತಿತು.

"ಭಾಗ್ಯ, ನಿನ್ನ ತಮ್ಮಂಗೆ ಯೋಳು. ಈ ಕ್ಲಚ್ಚು ಇರೋದೇ ಜಾರಾಕೆ. ಕಾರು ದಪ್ಪಂತ ಬಿದ್ದಾಗ ಇದು ಒಸಿ ಜಾರಿದ್ರೇನೆ ಗೇರಿನ ಅಲ್ಲು ಉಳ್ಕೊಳ್ಳೋದು."

ಅಕ್ಕ ನನ್ನತ್ತ ತಿರುಗಿದಳು. ಎಕ್ಸ್‌ಚೇಂಜ್ ಅಂದು ಕೆಲಸ ಮಾಡಲಿಲ್ಲ, ಕಣ್ಣು ತುಂಬಿತ್ತು. ಶಿಫ್ಟು ಮುಗಿಸಿ ಬಂದು ನಿಂತಿದ್ದ ಅಪ್ಪ ಮಾತ್ರ, "ಜಾರಾಕೇ ಅಂತ ಮಾಡವ್ರಾ? ಬೇಕು ಅಂತಲೇ?" ಎಂದು ಕೇಳಿ, ಇಂಥ ಲೋಕದಲ್ಲಿ ಇರಲಾರೆ ಎಂಬಂತೆ ಸೈಕಲ್ ಹತ್ತಿ ಮನೆಗೆ ಹೋದರು. ತಾವೇ ಬಿಗಿ ಮಾಡಿಸಿದ್ದು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾನೂ ಎತ್ತಲಿಲ್ಲ. ಮನೆಯಲ್ಲಿ ಒಬ್ಬ ದಡ್ಡನಿದ್ದರೆ ಸಾಕು.

ನಾನು ಜೇಬಿನಿಂದ ಹಳೆಯ ಗೇರನ್ನೂ ಮುಚ್ಚಳವನ್ನೂ ತೆಗೆದು ಚಾಚಿದೆ. ಭಾವ ತೆಗೆದುಕೊಂಡರು. ಬಟ್ಟೆಯಿಂದ ಗ್ರೀಸು ಒರೆಸಿ, ಹಳೆಯದನ್ನೇ ಕೂರಿಸಿ, ಸಂದು ಬಿಟ್ಟು, ನಟ್ಟು ಸಡಿಲಿಸಿ, ಮುಚ್ಚಳ ಹಾಕಿದರು. ಸೆಲ್ವಂ ಒಳ್ಳೆಯವರು, ಇನ್ನೊಂದು ಪಂದ್ಯಕ್ಕೆ ಒಪ್ಪಿದರು. ಆದರೆ ಕಾರು ಬಿದ್ದರೆ ಎತ್ತಿ ನಿಲ್ಲಿಸಲು ತಿರುವಿನಲ್ಲಿ ಎರಡೂ ಕಡೆಯಿಂದ ಒಬ್ಬೊಬ್ಬರು ಬೇಕು ಎಂದು ತಮ್ಮ ಷಡ್ಡಕನನ್ನು ಅಲ್ಲಿ ನಿಲ್ಲಿಸಿದರು. ಭಾವ ತಮ್ಮ ಕಡೆಯಿಂದ ಯಾರಿದ್ದಾರೆ ಎಂದು ಸುತ್ತ ನೋಡಿದರು. ಒಂದು ಸಲ ನೋಡಿದರು, ಬೇರೆ ಯಾರಾದರೂ ಸಿಗಬಹುದೆಂದು ಇನ್ನೊಂದು ಸಲ ನೋಡಿದರು. ಕಡೆಗೆ ನೇರ ನನ್ನ ಮುಖಕ್ಕೇ ಹೇಳಿದರು:

"ಅಲ್ಲಿ ನಿಂತ್ಕೊ. ಬಿದ್ರೆ ಎತ್ತು."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಪಂದ್ಯವನ್ನೂ ಭಾವ ಸೋತರು, ಸವೆದ ಗೇರು ಕರಕರ ಅನ್ನುತ್ತಾ ಕೊನೆಯವರೆಗೂ ಓಡಿತು ಎಂಬುದಷ್ಟೇ ಸಮಾಧಾನ.

ಈಗ ಭಾವ ರಜೆಗೆ ಬಂದರೆ ಆ ತಿರುವು ನನ್ನದು. ಕಾರು ಬಿದ್ದಾಗ "ಎತ್ತು" ಅನ್ನುತ್ತಾರೆ, ನಾನು ಬಗ್ಗುತ್ತೇನೆ. ಮನೆಗೆ ಬಂದರೆ ಅಕ್ಕ ಕಾಫಿ ಕೊಡುತ್ತಾ ಆಸೆಯಿಂದ ಕೇಳುತ್ತಾಳೆ, "ಇವತ್ತು ನಿಮ್ಮ ಭಾವ ಎಷ್ಟು ಸಲ ಮಾತಾಡ್ಸಿದ್ರೋ?"

"ಕಾರು ಎಷ್ಟು ಸಲ ಬಿತ್ತೋ ಅಷ್ಟು" ಎನ್ನುತ್ತೇನೆ.