ಮಾಜಾಳಿ ಹತ್ತಿರವೇ ಅಲ್ವಾ

ಕಾರವಾರದ ನೌಕಾನೆಲೆಯಲ್ಲಿ ಆರೋಪಪಟ್ಟಿ ಟೈಪು ಮಾಡುವ ಗುಮಾಸ್ತ ನಾನು. ತಪ್ಪು ಮಾಡಿದವರೆಲ್ಲ ನನ್ನ ಮೇಜು ದಾಟಿಯೇ ಸಾಹೇಬರ ಕೋಣೆಗೆ ಹೋಗಬೇಕು. ಹೀಗಾಗಿ ನಗು ತಡೆಯುವುದೇ ನನ್ನ ಅರ್ಧ ನೌಕರಿ. ಮಾಜಾಳಿಯ ಆ ನಾವಿಕ ಬಂದ ಮೇಲೆ ಪೂರ್ತಿ ನೌಕರಿಯೇ ಅದಾಯಿತು.

ಟೋಪಿ

ವಿಚಾರಣೆಗೆ ನಿಂತವನು ಮೊದಲು ಟೋಪಿ ತೆಗೆಯಬೇಕು. ಹಾಗೆಂದು ಕೂಗುವ ಕೆಲಸ ಅಂಕೋಲೆಯ ಒಬ್ಬ ಪೆಟಿ ಆಫೀಸರನದು. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಆ ಗಂಟಲಿಗೆ ಹೆದರಿಯೇ ಯಾರೂ ಹೆಣ್ಣು ಕೊಡುತ್ತಿಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಮಾಜಾಳಿಯವನು ತಂಗಿಯ ಮದುವೆಗೆ ಕರೆಯಲು ಊರೆಲ್ಲ ತಿರುಗಿ, ರಜೆ ಮುಗಿದು ಒಂದು ದಿನ ತಡವಾಗಿ ಬಂದಿದ್ದ. "ಟೋಪಿ ತೆಗೆ" ಎಂಬ ಕೂಗಿಗೆ ನನ್ನ ಚಹಾ ತುಳುಕಿತು.

"ಪಂಜಾಬಿನವರು ದಿನಗಟ್ಟಲೆ ರೈಲಿನಲ್ಲಿ ಕೂತು ಸರಿಯಾಗಿ ಬರ್ತಾರೆ. ನಿನಗೇನಾಗಿತ್ತು?" ಎಂದರು ಸಾಹೇಬರು.

"ಅವರು ದೂರ ಅಂತ ಬೇಗ ಹೊರಡ್ತಾರೆ ಸರ್. ನಂದು ಹತ್ತಿರವೇ ಅಲ್ವಾ ಅಂತ ಕೂತೆ."

ಹದಿನಾಲ್ಕು ದಿನ ಗೇಟು ದಾಟುವಂತಿಲ್ಲ ಎಂದು ಶಿಕ್ಷೆಯಾಯಿತು. ಮದುವೆ ಇದ್ದದ್ದು ಹತ್ತನೆಯ ದಿನಕ್ಕೆ. ಅವನ ಮುಖ ನೋಡಿ ನನಗೂ ಸಂಕಟವಾಯಿತು.

ಅರಳು

ಮರುದಿನ ಅವನ ತಾಯಿ ಮೀನಿನ ಬುಟ್ಟಿ ಗೇಟಿನಲ್ಲಿಟ್ಟು ಸಾಹೇಬರೆದುರು ಬಂದು ನಿಂತಳು. ಅವಳ ಮಾತನ್ನು ಸಾಹೇಬರಿಗೆ ಹಿಂದಿಯಲ್ಲಿ ಹೇಳಲು ನನ್ನನ್ನು ಕರೆದರು.

"ಶಿಕ್ಷೆ ತಪ್ಸೂದು ಬ್ಯಾಡ ಸಾಯಬ್ರೆ. ಮದಿಮನೆಲಿ ರಾಶಿ ಪಾತ್ರೆ ಅದೆ, ನಾನೇ ಇವ್ನ ಕೈಲಿ ತೊಳುಸ್ತೆ. ಆದ್ರೆ ಮದುಮಗಳ ಕೈಗೆ ಅರಳು ಹಾಕೂಕೆ ಅಣ್ಣನೇ ಬೇಕು. ಇರೂದೇ ಇವ ಒಬ್ಬ."

ಸಾಹೇಬರು ಪೆಟಿ ಆಫೀಸರನನ್ನು ಕರೆಸಿ ಹೇಳಿದರು: "ಮದುವೆ ದಿನ ಇವನ ಕಾವಲಿಗೆ ನೀನು ಹೋಗು. ನಾಲ್ಕೇ ತಾಸು. ಪಕ್ಕ ಬಿಟ್ಟು ಕದಲಬೇಡ."

ಕಾವಲು

ಅವನು ಕದಲಲಿಲ್ಲ. ಊಟಕ್ಕೆ ಹೋಗಿದ್ದ ನಾನೇ ಕಣ್ಣಾರೆ ಕಂಡೆ. ಅಣ್ಣ ಅರಳು ಹಾಕುವಾಗ ಪಕ್ಕದಲ್ಲೇ ಸೆಟೆದು ನಿಂತಿದ್ದ. ಅಣ್ಣ ಪಾತ್ರೆ ತೊಳೆಯುವಾಗಲೂ ಅಲ್ಲೇ ಇದ್ದ. ಮದುವೆಯ ಒಂದು ಫೋಟೋದಲ್ಲೂ ಅವನು ತಪ್ಪಿಲ್ಲ.

"ಇಷ್ಟು ಜವಾಬ್ದಾರಿ ಇರೂ ಗಂಡು ಯಾರ ಮನೆಯವ?" ಎಂದು ಹೆಂಗಸರು ನನ್ನನ್ನು ಕೇಳಿದರು. ನಾನು ವಿಳಾಸ ಸಮೇತ ಹೇಳಿಬಿಟ್ಟೆ.

ಮತ್ತೆ ಟೋಪಿ

ಮುಂದಿನ ತಿಂಗಳು ಹೊಸ ಆರೋಪಪಟ್ಟಿ ಬಂತು: ರಜೆ ಮುಗಿದು ಅರ್ಧ ದಿನ ತಡ. ಹೆಸರು ಟೈಪು ಮಾಡುವಾಗ ನನ್ನ ಬೆರಳು ಎರಡು ಸಲ ತಪ್ಪಿತು.

ಸಾಹೇಬರೆದುರು ಪೆಟಿ ಆಫೀಸರನೇ ನಿಂತಿದ್ದ. ಕೂಗುವವರು ಯಾರೂ ಇರಲಿಲ್ಲ. ಕೊಂಚ ಕಾದು, "ಟೋಪಿ ತೆಗೆ" ಎಂದು ತಾನೇ ಗುಡುಗಿ, ತಾನೇ ತೆಗೆದ.

"ಎಲ್ಲಿಗೆ ಹೋಗಿದ್ದೆ?"

ಆ ಗಂಟಲು ತಗ್ಗಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಹೆಣ್ಣು ನೋಡೋಕೆ ಸರ್, ಮಾಜಾಳಿಗೆ. ಹತ್ತಿರವೇ ಅಲ್ವಾ ಅಂತ ಕೂತೆ."